ಫಿಟ್ಸ್ ಬಂದಾಗ ಕಬ್ಬಿಣ ಹುಡುಕಬೇಡಿ, ಗಡಿಯಾರ ನೋಡಿ

ನೀವು ಮೈಸೂರಲ್ಲಿ ಬೆಳಗಿನ ಕಾಫಿ ಕುಡೀತಾ ಕೇಳ್ತಾ ಇರಬಹುದು, ಟೊರಾಂಟೋದಲ್ಲಿ ಹಿಮ ತಳ್ಳುತ್ತಾ ಕೇಳ್ತಾ ಇರಬಹುದು, ದುಬೈ ಮೆಟ್ರೋದಲ್ಲೂ ಇರಬಹುದು. ಇವತ್ತಿನ ವಿಷಯ ಎಲ್ಲರಿಗೂ ಸಂಬಂಧಪಟ್ಟದ್ದು.

ನರರೋಗ ಅಂದ ತಕ್ಷಣ ಬಹಳ ಜನಕ್ಕೆ ಭಯ. ಲಕ್ವ, ಪಾರ್ಕಿನ್ಸನ್ಸ್, ಮೈಗ್ರೇನ್, ಮರೆವಿನ ಕಾಯಿಲೆ ಹೀಗೆ ಪಟ್ಟಿ ದೊಡ್ಡದಿದೆ. ಎಲ್ಲವನ್ನೂ ಒಂದೇ ಸಂಚಿಕೆಯಲ್ಲಿ ಮುಟ್ಟಿ ಹೋದರೆ ಯಾವುದೂ ತಲೆಯಲ್ಲಿ ನಿಲ್ಲೋದಿಲ್ಲ. ಹಾಗಾಗಿ ಇವತ್ತು ಒಂದನ್ನೇ ಎತ್ತಿಕೊಂಡಿದ್ದೀವಿ. ಆಸ್ಪತ್ರೆಯಲ್ಲಿ ಅಪಸ್ಮಾರ ಅಥವಾ ಎಪಿಲೆಪ್ಸಿ ಅಂತಾರೆ, ಪುಸ್ತಕದಲ್ಲಿ ಮೂರ್ಛೆರೋಗ ಅಂತ ಬರೀತಾರೆ, ಮನೆಯಲ್ಲಿ ನಾವೆಲ್ಲ ಫಿಟ್ಸ್ ಅಂತೀವಿ. ಇದನ್ನೇ ಆರಿಸಿಕೊಳ್ಳೋಕೆ ಎರಡು ಕಾರಣ. ಒಂದು, ಸರಿಯಾಗಿ ಗುರುತಿಸಿ ಔಷಧಿ ಕೊಟ್ಟರೆ ಬಹುಪಾಲು ಜನರಲ್ಲಿ ಇದು ಹತೋಟಿಗೆ ಬರುತ್ತೆ. ಎರಡು, ಹಾಗಿದ್ದೂ ನಮ್ಮಲ್ಲಿ ಇದನ್ನ ಮುಚ್ಚಿಡೋದೇ ಹೆಚ್ಚು. ಮುಚ್ಚಿಟ್ಟದ್ದಕ್ಕೆ ಬೆಲೆ ತೆರೋದು ಕಾಯಿಲೆ ಇರೋ ಮಗು, ಅಥವಾ ಮದುವೆಯಾಗಿ ಬೇರೆ ಮನೆಗೆ ಹೋದ ಹೆಣ್ಣುಮಗಳು.

ಮೊದಲು ಅಂಕಿ-ಅಂಶ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಾದ್ಯಂತ ಸುಮಾರು 5 ಕೋಟಿ ಜನರಿಗೆ ಎಪಿಲೆಪ್ಸಿ ಇದೆ. ಅವರಲ್ಲಿ ಶೇಕಡಾ 80ರಷ್ಟು ಜನ ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದಾರೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಶೇಕಡಾ 70ರಷ್ಟು ಜನ ಫಿಟ್ಸ್ ಇಲ್ಲದೇ ಬದುಕಬಹುದು ಅಂತ ಅದೇ ಸಂಸ್ಥೆ ಹೇಳುತ್ತೆ. ಅಂದ್ರೆ ಹತ್ತರಲ್ಲಿ ಏಳು ಜನ. ಇವತ್ತಿನ ಮಾತಲ್ಲಿ ಈ ಸಂಖ್ಯೆ ನೆನಪಿರಲಿ.

ಹಾಗಾದ್ರೆ ಫಿಟ್ಸ್ ಬಂದಾಗ ಮಿದುಳಿನಲ್ಲಿ ಏನಾಗುತ್ತೆ? ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಸಣ್ಣ ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಮಾತಾಡಿಕೊಳ್ಳುತ್ತವೆ. ಇದನ್ನ ಒಂದು ವಾರದ ಸಂತೆ ಅಂದುಕೊಳ್ಳಿ. ಒಬ್ಬ ಈರುಳ್ಳಿ ಬೆಲೆ ಕೂಗ್ತಾನೆ, ಇನ್ನೊಬ್ಬಳು ಚೌಕಾಸಿ ಮಾಡ್ತಾಳೆ, ಗದ್ದಲ ಇದ್ದರೂ ಪ್ರತಿಯೊಬ್ಬರ ಮಾತಿಗೂ ಅದರದ್ದೇ ಅರ್ಥ ಇದೆ, ಸಂತೆ ನಡೀತಾ ಇದೆ. ಈಗ ಇದ್ದಕ್ಕಿದ್ದಂತೆ ಸಂತೆಯ ಒಂದು ಮೂಲೆಯ ಜನರೆಲ್ಲ ಒಂದೇ ಘೋಷಣೆಯನ್ನ ಒಟ್ಟಿಗೆ ಕೂಗೋಕೆ ಶುರು ಮಾಡಿದರು ಅಂತಿಟ್ಟುಕೊಳ್ಳಿ. ಆ ಮೂಲೆಯಲ್ಲಿ ವ್ಯಾಪಾರ ನಿಂತುಹೋಯ್ತು. ಘೋಷಣೆ ಇಡೀ ಸಂತೆಗೆ ಹಬ್ಬಿದರೆ ಎಲ್ಲ ಕಡೆಯೂ ನಿಂತಿತು. ನರಕೋಶಗಳು ಹೀಗೆ ಮಿತಿಮೀರಿ, ಒಟ್ಟೊಟ್ಟಿಗೆ ಸಂಕೇತ ಹೊಮ್ಮಿಸೋದೇ ಫಿಟ್ಸ್. ಮಿದುಳಿನಲ್ಲಿ ಉದ್ರೇಕಿಸೋ ರಾಸಾಯನಿಕ ಇದೆ, ಅದು ಗ್ಲುಟಮೇಟ್. ಸುಮ್ಮನಿರಿಸೋ ರಾಸಾಯನಿಕವೂ ಇದೆ, ಅದು ಗಾಬಾ. ಇವೆರಡರ ಸಮತೋಲನ ತಪ್ಪಿದಾಗ ಈ ಘೋಷಣೆ ಶುರುವಾಗುತ್ತೆ.

ಘೋಷಣೆ ಯಾವ ಮೂಲೆಯಲ್ಲಿ ಶುರುವಾಯ್ತು ಅನ್ನೋದರ ಮೇಲೆ ಲಕ್ಷಣ ಬದಲಾಗುತ್ತೆ. ಇದನ್ನ ಸ್ವಲ್ಪ ಗಮನ ಕೊಟ್ಟು ಕೇಳಿ, ಯಾಕಂದ್ರೆ ಬಹಳ ಜನರ ಮನಸ್ಸಲ್ಲಿ ಫಿಟ್ಸ್ ಅಂದ್ರೆ ಒಂದೇ ಚಿತ್ರ: ನೆಲಕ್ಕೆ ಬಿದ್ದು, ಕೈಕಾಲು ಒದರಿ, ಬಾಯಲ್ಲಿ ನೊರೆ ಬರೋದು. ಅದು ಒಂದು ವಿಧ ಮಾತ್ರ. ತರಗತಿಯಲ್ಲಿ ಮಗು ದಿನಕ್ಕೆ ಹತ್ತಾರು ಸಲ ಐದು-ಹತ್ತು ಸೆಕೆಂಡು ಕಣ್ಣು ನೆಟ್ಟು ಕೂತುಬಿಡುತ್ತೆ, ಟೀಚರ್ ಗಮನ ಎಲ್ಲಿದೆ ಅಂತ ಬೈತಾರೆ. ಅದು ಆಬ್ಸೆನ್ಸ್ ಅನ್ನೋ ವಿಧದ ಫಿಟ್ಸ್ ಇರಬಹುದು. ಹದಿಹರೆಯದ ಹುಡುಗಿ ಪರೀಕ್ಷೆಗೆ ಅಂತ ರಾತ್ರಿಯೆಲ್ಲ ಓದಿ ಬೆಳಿಗ್ಗೆ ಎದ್ದರೆ ಕೈ ಜಗ್ಗಿದ ಹಾಗಾಗಿ ಹಲ್ಲುಜ್ಜೋ ಬ್ರಷ್ಷೋ ಕಾಫಿ ಲೋಟವೋ ಹಾರಿ ಬೀಳುತ್ತೆ. ಅದು ಮಯೋಕ್ಲೋನಿಕ್ ವಿಧ. ವಯಸ್ಸಾದ ಅಪ್ಪ ಮಾತಿನ ಮಧ್ಯೆ ಶೂನ್ಯ ನೋಡ್ತಾ, ತುಟಿ ಚಪ್ಪರಿಸ್ತಾ, ಪಂಚೆ ಅಂಚನ್ನ ಹಿಸುಕ್ತಾ ಕೂರ್ತಾರೆ, ಎರಡು ನಿಮಿಷ ಆದಮೇಲೆ ಏನಾಯ್ತು ಅಂದ್ರೆ ಅವರಿಗೇ ಗೊತ್ತಿರೋದಿಲ್ಲ. ಅದು ಮಿದುಳಿನ ಒಂದು ಭಾಗದಲ್ಲಿ ಹುಟ್ಟೋ ಫೋಕಲ್ ಫಿಟ್ಸ್ ಆಗಿರಬಹುದು. ಇಂಥವನ್ನ ಮನೆಯವರು ವರ್ಷಗಟ್ಟಲೆ ವಯಸ್ಸಾಯ್ತು, ಹಟ, ಕಣ್ಣುದೃಷ್ಟಿ, ಮೈಮೇಲೆ ಬಂದಿದೆ ಅಂತ ತಿಳ್ಕೊಂಡಿರ್ತಾರೆ.

ಇಲ್ಲಿ ನಮ್ಮ ಕರ್ನಾಟಕದ್ದೇ ಅನ್ನಬಹುದಾದ ಒಂದು ವಿಧ ಇದೆ, ಬಿಸಿನೀರಿನ ಫಿಟ್ಸ್. ಹಂಡೆಯಲ್ಲಿ ಕಾಯಿಸಿದ ಬಿಸಿ ಬಿಸಿ ನೀರನ್ನ ಚೊಂಬಲ್ಲಿ ತಲೆಯ ಮೇಲೆ ಒಂದಾದ ಮೇಲೊಂದು ಹುಯ್ದುಕೊಳ್ತಾ ಇದ್ದಾಗ ಅಥವಾ ಸ್ನಾನ ಮುಗಿದ ಕೂಡಲೇ ಬರೋದು ಇದು. ಮೈಗೆ ಹಾಕಿದ ನೀರಿಗೆ ಬರೋದಿಲ್ಲ, ತಲೆಗೆ ಎರೆದುಕೊಂಡಾಗಲೇ ಸಾಮಾನ್ಯ. ನೋಟ ಶೂನ್ಯವಾಗುತ್ತೆ, ಮಾತು ತೊದಲುತ್ತೆ, ಕೆಲವರಲ್ಲಿ ಮೈಯೆಲ್ಲ ಒದರುತ್ತೆ. ಇನ್ನು ಕೆಲವರಿಗೆ ಆ ಹೊತ್ತಲ್ಲಿ ಏನೋ ಹಿತ ಅನ್ನಿಸಿ, ಸಾಕು ಅಂದರೂ ನಿಲ್ಲಿಸದೇ ನೀರು ಹುಯ್ದುಕೊಳ್ತಲೇ ಇರ್ತಾರೆ. ಜಗತ್ತಿನ ಬೇರೆ ಕಡೆ ಇದು ಅಪರೂಪ; ಟರ್ಕಿ, ಜಪಾನ್‌ನಿಂದಲೂ ವರದಿಗಳಿವೆ, ಆದರೆ ದಕ್ಷಿಣ ಕರ್ನಾಟಕದಲ್ಲಿ ಸಾಕಷ್ಟು ಸಿಗುತ್ತೆ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ, ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಅವರ ಸಂಗಡಿಗರು ಇದನ್ನ ಆಳವಾಗಿ ಅಧ್ಯಯನ ಮಾಡಿ ಜಗತ್ತಿನ ವೈದ್ಯರಿಗೆ ಪರಿಚಯಿಸಿದರು. ಹೀಗಾಗಿ ಹೊರದೇಶದಲ್ಲಿರೋ ನಿಮ್ಮ ವೈದ್ಯರು ಈ ವಿಧವನ್ನ ಕಣ್ಣಾರೆ ಕಂಡೇ ಇಲ್ಲದಿರಬಹುದು. ಫಿಟ್ಸ್ ಸ್ನಾನದ ಹೊತ್ತಲ್ಲೇ ಬರುತ್ತಾ ಅನ್ನೋದನ್ನ ನೀವಾಗೇ ಹೇಳಿ.

ಇದಕ್ಕೆ ಚಿಕಿತ್ಸೆಯೂ ಸರಳ. ಮೊದಲನೇದು, ತಲೆಗೆ ಉಗುರುಬೆಚ್ಚಗಿನ ನೀರು ಸಾಕು, ನಿಧಾನವಾಗಿ ಹಾಕಿಕೊಳ್ಳಿ. ಅಷ್ಟಕ್ಕೇ ಎಷ್ಟೋ ಜನರಲ್ಲಿ ನಿಲ್ಲುತ್ತೆ. ನಿಲ್ಲದಿದ್ದರೆ, ತಲೆಸ್ನಾನದ ದಿನ ಮಾತ್ರ ಒಂದೂವರೆ-ಎರಡು ಗಂಟೆ ಮುಂಚೆ ಕ್ಲೋಬಜಾಮ್ ಅನ್ನೋ ಮಾತ್ರೆ ತಗೊಳ್ಳೋ ಪದ್ಧತಿ ಇದೆ. ಬೇರೆ ಹೊತ್ತಲ್ಲೂ ಫಿಟ್ಸ್ ಬರೋರಿಗೆ ದಿನಾ ಔಷಧಿ ಬೇಕಾಗುತ್ತೆ. ಯಾವುದು ಯಾರಿಗೆ ಅನ್ನೋದನ್ನ ವೈದ್ಯರೇ ಹೇಳಬೇಕು.

ಈಗ ಶೀರ್ಷಿಕೆಯ ವಿಷಯಕ್ಕೆ ಬರೋಣ. ಎದುರಿಗೆ ಯಾರಿಗಾದರೂ ಫಿಟ್ಸ್ ಬಂತು. ನಮ್ಮ ಕಡೆ ಮೊದಲು ಏನು ಮಾಡ್ತಾರೆ? ಕೈಗೆ ಬೀಗದ ಕೀ ಕೊಡಿ, ಕಬ್ಬಿಣ ಹಿಡಿಸಿ, ಈರುಳ್ಳಿ ಮೂಸಿಸಿ, ಕೆಲವು ಕಡೆ ಚಪ್ಪಲಿಯನ್ನೂ ಮೂಸಿಸ್ತಾರೆ. ಇದರಿಂದ ನಿಲ್ಲುತ್ತೆ ಅಂತ ಯಾಕೆ ಅನ್ನಿಸುತ್ತೆ ಗೊತ್ತಾ? ಬಹುತೇಕ ಫಿಟ್ಸ್ ಒಂದರಿಂದ ಮೂರು ನಿಮಿಷದೊಳಗೆ ತಾನಾಗೇ ನಿಲ್ಲುತ್ತೆ. ಕೀಗೊಂಚಲು ಹುಡುಕಿ ತಂದು ಮುಷ್ಟಿ ಬಿಡಿಸಿ ಹಿಡಿಸೋ ಹೊತ್ತಿಗೆ ಅದು ಮುಗಿಯೋ ಸಮಯ ಆಗಿರುತ್ತೆ. ಹೆಸರು ಕೀಗೆ ಬರುತ್ತೆ. ಆ ಎರಡು ನಿಮಿಷದಲ್ಲಿ ನಿಜಕ್ಕೂ ಮಾಡಬೇಕಾದ ಕೆಲಸ ಮಾತ್ರ ಬಿಟ್ಟುಹೋಗಿರುತ್ತೆ.

ಏನು ಮಾಡಬೇಕು ಅಂದ್ರೆ, ಮೊದಲು ಗಡಿಯಾರ ನೋಡಿ, ಶುರುವಾದ ಸಮಯ ಗುರುತಿಟ್ಟುಕೊಳ್ಳಿ. ಸುತ್ತಮುತ್ತ ಇರೋ ಕುರ್ಚಿ, ಬಿಸಿ ಪಾತ್ರೆ, ಚೂಪಾದ ವಸ್ತು ಸರಿಸಿ. ತಲೆಯ ಕೆಳಗೆ ಮೆತ್ತಗಿನದ್ದು ಏನಾದರೂ ಇಡಿ, ಮಡಚಿದ ಟವಲ್ ಆದರೂ ಸಾಕು. ಕನ್ನಡಕ ತೆಗೆಯಿರಿ, ಕತ್ತಿನ ಹತ್ತಿರ ಬಿಗಿಯಾದ ಬಟ್ಟೆ ಸಡಿಲಿಸಿ. ಒದರೋದು ನಿಂತ ಕೂಡಲೇ, ಆದರೆ ಇನ್ನೂ ಮುಂಚೆಯೇ ಮಾಡಬಹುದು, ಒಂದು ಮಗ್ಗುಲಿಗೆ ಮಲಗಿಸಿ. ಜೊಲ್ಲು, ವಾಂತಿ ಹೊರಗೆ ಹರಿದುಹೋಗಲಿ, ಉಸಿರು ಕಟ್ಟದಿರಲಿ. ಪೂರ್ತಿ ಎಚ್ಚರ ಆಗೋವರೆಗೂ ಪಕ್ಕದಲ್ಲೇ ಇರಿ.

ಮಾಡಬಾರದ್ದು ಮೂರು. ಬಾಯೊಳಗೆ ಏನನ್ನೂ ತುರುಕಬೇಡಿ, ಚಮಚ ಬೇಡ, ಬೆರಳಂತೂ ಬೇಡವೇ ಬೇಡ. ನಾಲಗೆ ನುಂಗಿಬಿಡ್ತಾರೆ ಅನ್ನೋದು ಸುಳ್ಳು. ತುರುಕಿದರೆ ಹಲ್ಲು ಮುರಿಯುತ್ತೆ ಅಥವಾ ಉಸಿರಾಟಕ್ಕೆ ಅಡ್ಡ ಆಗುತ್ತೆ. ಕೈಕಾಲು ಅದುಮಿ ಹಿಡಿಯಬೇಡಿ. ಪೂರ್ತಿ ಎಚ್ಚರ ಆಗೋವರೆಗೂ ನೀರು, ಕಾಫಿ, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಬೇಡಿ.

ಐದು ನಿಮಿಷ ದಾಟಿದರೆ ಆಂಬ್ಯುಲೆನ್ಸ್ ಕರೆಯಿರಿ. ಅಲ್ಲಿಂದಾಚೆ ಅದು ತಾನಾಗೇ ನಿಲ್ಲೋ ಸಾಧ್ಯತೆ ಕಡಿಮೆ ಆಗ್ತಾ ಹೋಗುತ್ತೆ, ಅರ್ಧ ಗಂಟೆ ಮುಟ್ಟಿದರೆ ಮಿದುಳಿಗೇ ಹಾನಿ ಆಗಬಹುದು. ಗಡಿಯಾರ ನೋಡಿ ಅಂದಿದ್ದು ಇದಕ್ಕೇ. ಗಾಬರಿಯಲ್ಲಿ ಅರ್ಧ ನಿಮಿಷವೂ ಹತ್ತು ನಿಮಿಷ ಅನ್ನಿಸುತ್ತೆ. ಒಂದು ನಿಂತು ಎಚ್ಚರ ಆಗೋ ಮುಂಚೆಯೇ ಇನ್ನೊಂದು ಬಂದರೆ, ಮೊಟ್ಟಮೊದಲ ಸಲ ಬಂದಿದ್ದರೆ, ಗರ್ಭಿಣಿಯಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ತಲೆಗೆ ಪೆಟ್ಟಾಗಿದ್ದರೆ, ನೀರಲ್ಲಿದ್ದಾಗ ಬಂದಿದ್ದರೆ ಐದು ನಿಮಿಷ ಕಾಯೋದೂ ಬೇಡ. ಕರ್ನಾಟಕದಲ್ಲಿ 108, ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್‌ನಲ್ಲಿ 999, ಆಸ್ಟ್ರೇಲಿಯಾದಲ್ಲಿ ಮೂರು ಸೊನ್ನೆ, ಸಿಂಗಾಪುರದಲ್ಲಿ 995, ಜರ್ಮನಿಯಲ್ಲಿ 112, ಯುಎಇಯಲ್ಲಿ 998. ಪದೇ ಪದೇ ಉದ್ದನೆಯ ಫಿಟ್ಸ್ ಬರೋರ ಮನೆಯಲ್ಲಿ ಇಟ್ಟುಕೊಳ್ಳೋಕೆ ಮೂಗಿಗೆ ಹೊಡೆಯೋ ಮಿಡಾಜೋಲಾಮ್ ಸ್ಪ್ರೇ ಇದೆ, ಭಾರತದಲ್ಲೂ ಸಿಗುತ್ತೆ. ನಿಮ್ಮ ವೈದ್ಯರನ್ನ ಕೇಳಿ.

ಇನ್ನೊಂದು ಕೆಲಸ. ಪಕ್ಕದಲ್ಲಿ ಇನ್ನೊಬ್ಬರು ಇದ್ದರೆ ಮೊಬೈಲಲ್ಲಿ ವಿಡಿಯೋ ಮಾಡಿ. ಇದು ಅಮಾನವೀಯ ಅನ್ನಿಸಬಹುದು, ಆದರೆ ವೈದ್ಯರಿಗೆ ಇದರಷ್ಟು ಉಪಯೋಗಕ್ಕೆ ಬರೋದು ಬೇರೆ ಇಲ್ಲ. ಯಾಕಂದ್ರೆ ರೋಗಿಗೆ ಏನೂ ನೆನಪಿರೋದಿಲ್ಲ, ವೈದ್ಯರ ಮುಂದೆ ಫಿಟ್ಸ್ ಬರೋದೂ ಇಲ್ಲ. ತಲೆ ಯಾವ ಕಡೆ ತಿರುಗಿತು, ಯಾವ ಕೈ ಮೊದಲು ಒದರಿತು ಅನ್ನೋದರಿಂದ ಘೋಷಣೆ ಯಾವ ಮೂಲೆಯಲ್ಲಿ ಶುರುವಾಯ್ತು ಅಂತ ಅಂದಾಜಾಗುತ್ತೆ. ಅಪ್ಪ-ಅಮ್ಮ ಊರಲ್ಲಿ, ನೀವು ಹೊರದೇಶದಲ್ಲಿ ಇದ್ದರಂತೂ ವಾಟ್ಸಾಪಿನಲ್ಲಿ ಬಂದ ಒಂದು ನಿಮಿಷದ ವಿಡಿಯೋ ಒಂದು ಗಂಟೆಯ ಫೋನಿಗಿಂತ ಹೆಚ್ಚು ಹೇಳುತ್ತೆ.

ಬಿದ್ದದ್ದೆಲ್ಲ ಫಿಟ್ಸ್ ಅಲ್ಲ ಅನ್ನೋದನ್ನೂ ಹೇಳಬೇಕು. ಬಿಸಿಲಲ್ಲಿ ನಿಂತು, ರಕ್ತ ನೋಡಿ, ಉಪವಾಸ ಇದ್ದು ಬವಳಿ ಬಂದು ಬೀಳೋದು ಬೇರೆ. ಅದರಲ್ಲಿ ಮುಂಚೆ ಕಣ್ಣು ಕತ್ತಲೆ ಬರುತ್ತೆ, ಬೆವರುತ್ತೆ, ಮುಖ ಬಿಳಿಚಿಕೊಳ್ಳುತ್ತೆ, ಮಲಗಿಸಿದರೆ ಅರ್ಧ ನಿಮಿಷದಲ್ಲಿ ಎಚ್ಚರ ಆಗಿ ಸರಿಯಾಗಿ ಮಾತಾಡ್ತಾರೆ. ಒಂದೆರಡು ಸಲ ಕೈಕಾಲು ಅದುರಿದರೂ ಅದು ಫಿಟ್ಸ್ ಆಗಬೇಕಿಲ್ಲ. ದೊಡ್ಡ ಫಿಟ್ಸ್‌ನಲ್ಲಿ ನಾಲಗೆಯ ಪಕ್ಕದ ಅಂಚು ಕಚ್ಚಿರುತ್ತೆ, ಎಚ್ಚರ ಆದಮೇಲೂ ಎಷ್ಟೋ ಹೊತ್ತು ಗೊಂದಲ, ತಲೆನೋವು, ನಿದ್ದೆ ಇರುತ್ತೆ. ಇನ್ನು ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಜ್ವರದ ಜೊತೆ ಬರೋ ಫಿಟ್ಸ್ ಇದೆ. ನೂರರಲ್ಲಿ ಎರಡರಿಂದ ಐದು ಮಕ್ಕಳಿಗೆ ಬರುತ್ತೆ, ಬಹುಪಾಲು ಮಕ್ಕಳಿಗೆ ಮುಂದೆ ಎಪಿಲೆಪ್ಸಿ ಆಗೋದಿಲ್ಲ. ಆದರೂ ಮೊದಲ ಸಲ ಬಂದಾಗ ವೈದ್ಯರಿಗೆ ತೋರಿಸಲೇಬೇಕು, ಮಿದುಳು ಜ್ವರ ಅಲ್ಲ ಅಂತ ಖಾತ್ರಿ ಆಗಬೇಕು.

ವೈದ್ಯರು ಇಇಜಿ ಮಾಡಿಸ್ತಾರೆ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಸಲ ಮನುಷ್ಯನ ಮಿದುಳಿನ ವಿದ್ಯುತ್ತನ್ನ ದಾಖಲಿಸಿದರು, ಅದೇ ಇಇಜಿ. ಒಂದು ಎಚ್ಚರಿಕೆ: ಇಇಜಿ ನಾರ್ಮಲ್ ಬಂದರೆ ಎಪಿಲೆಪ್ಸಿ ಇಲ್ಲ ಅಂತ ಅರ್ಥ ಅಲ್ಲ. ಅರ್ಧ ಗಂಟೆಯ ದಾಖಲೆಯಲ್ಲಿ ಸಂತೆ ಶಾಂತವಾಗೇ ಇದ್ದಿರಬಹುದು. ಎಂಆರ್‌ಐ ಸ್ಕ್ಯಾನಿನಲ್ಲಿ ಗಡ್ಡೆ, ಹಳೇ ಪೆಟ್ಟು, ಲಕ್ವದ ಕಲೆ ಕಾಣಬಹುದು. ನಮ್ಮ ದೇಶದಲ್ಲಿ ಇನ್ನೊಂದೂ ಕಾಣುತ್ತೆ: ಲಾಡಿಹುಳದ ಮರಿಗಳು ಮಿದುಳಲ್ಲಿ ಕೂತು ಆಗೋ ಸಣ್ಣ ಗಂಟುಗಳು. ನಾವು ಸಸ್ಯಾಹಾರಿಗಳು, ಹಂದಿಮಾಂಸ ಮುಟ್ಟೋದಿಲ್ಲ, ನಮಗೆ ಹೇಗೆ ಬರುತ್ತೆ ಅಂತ ಬಹಳ ಜನ ಕೇಳ್ತಾರೆ. ಹುಳ ಇರೋ ಮನುಷ್ಯನ ಮಲದಲ್ಲಿ ಅದರ ಮೊಟ್ಟೆಗಳಿರ್ತವೆ. ಅದು ನೀರಿಗೆ, ಹಸಿ ತರಕಾರಿಗೆ, ತೊಳೆಯದ ಕೈಗೆ ಸೇರಿ ಯಾರ ಹೊಟ್ಟೆಗಾದರೂ ಹೋಗಬಹುದು. ತರಕಾರಿ ತೊಳೆದು ತಿನ್ನೋದು, ಕೈ ತೊಳೆಯೋದು ಫಿಟ್ಸ್ ತಡೆಯೋ ಕೆಲಸವೂ ಹೌದು.

ಇನ್ನು ಔಷಧಿ. 1912ರಲ್ಲಿ ಬಳಕೆಗೆ ಬಂದ ಫಿನೋಬಾರ್ಬಿಟಲ್, 1938ರ ಫೆನಿಟಾಯಿನ್ ಇವತ್ತಿಗೂ ಇವೆ. ಆಮೇಲೆ ಕಾರ್ಬಮಜೆಪಿನ್, ವಾಲ್‌ಪ್ರೊಯೇಟ್, ಲಾಮೊಟ್ರಿಜಿನ್, ಲೆವೆಟಿರಾಸಿಟಾಮ್ ಬಂದವು. ಕೆಲವು ನರಕೋಶದ ಸೋಡಿಯಂ ಬಾಗಿಲನ್ನ ತಡೀತವೆ, ಕೆಲವು ಗಾಬಾಕ್ಕೆ ಬಲ ಕೊಡ್ತವೆ. ಯಾವ ವಿಧದ ಫಿಟ್ಸ್‌ಗೆ ಯಾವುದು ಅನ್ನೋದು ಮುಖ್ಯ. ಬೆಳಿಗ್ಗೆ ಬ್ರಷ್ ಹಾರಿಬೀಳೋ ಆ ಹುಡುಗಿಗೆ ಕಾರ್ಬಮಜೆಪಿನ್ ಕೊಟ್ಟರೆ ಜಗ್ಗೋದು ಹೆಚ್ಚಾಗಬಹುದು. ಹಾಗಾಗಿ ಪಕ್ಕದ ಮನೆಯವರ ಮಾತ್ರೆ ನಿಮ್ಮ ಮನೆಗೆ ಬೇಡ. ಹೊಸ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಮೈಮೇಲೆ ದದ್ದು ಎದ್ದರೆ ತಕ್ಷಣ ವೈದ್ಯರಿಗೆ ತಿಳಿಸಿ.

ದುಬಾರಿ ಔಷಧಿ ಇದ್ದರೆ ಮಾತ್ರ ಗುಣ ಅಂತಲೂ ಇಲ್ಲ. ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ ಡಾ. ಮಣಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಫಿನೋಬಾರ್ಬಿಟಲ್ ಮತ್ತು ಫೆನಿಟಾಯಿನ್, ಈ ಎರಡು ಹಳೇ, ಅಗ್ಗದ ಮಾತ್ರೆಗಳಿಂದಲೇ ಹಳ್ಳಿ ಮಟ್ಟದಲ್ಲೇ ಫಿಟ್ಸ್ ಹತೋಟಿಗೆ ತರಬಹುದು ಅಂತ ಅದು ತೋರಿಸಿತು. ಬೇಕಾಗಿದ್ದು ಗುರುತಿಸೋರು, ಬಿಡದೇ ಮಾತ್ರೆ ಕೊಡೋರು, ಬಿಡದೇ ನುಂಗೋರು.

ಬಿಡದೇ ಅನ್ನೋದೇ ಇಲ್ಲಿ ಕಷ್ಟ. ಆರು ತಿಂಗಳು ಫಿಟ್ಸ್ ಬರಲಿಲ್ಲ ಅಂದ್ರೆ ವಾಸಿ ಆಯ್ತು ಅಂತ ಮಾತ್ರೆ ನಿಲ್ಲಿಸ್ತಾರೆ. ಬಾರದೇ ಇರೋದು ಮಾತ್ರೆಯಿಂದಲೇ. ಹಠಾತ್ತನೆ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬರೋ ಅಪಾಯ ಇದೆ. ಹತೋಟಿ ಇಲ್ಲದ ಎಪಿಲೆಪ್ಸಿಯಲ್ಲಿ ನಿದ್ದೆಯಲ್ಲೇ ಜೀವ ಹೋಗೋ ಪ್ರಸಂಗಗಳೂ ಉಂಟು. ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ ಫಿಟ್ಸ್ ಇಲ್ಲದಿದ್ದರೆ ಮಾತ್ರ, ವೈದ್ಯರು ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುವ ಬಗ್ಗೆ ಯೋಚಿಸ್ತಾರೆ. ನಿದ್ದೆಗೆಟ್ಟರೂ ಫಿಟ್ಸ್ ಬರಬಹುದು. ಶಿವರಾತ್ರಿ ಜಾಗರಣೆ, ರಾತ್ರಿಯಿಡೀ ಯಕ್ಷಗಾನ, ಊರಿಗೆ ಹೋಗೋ ಇಪ್ಪತ್ತು ಗಂಟೆಯ ವಿಮಾನ ಪ್ರಯಾಣ ಎಲ್ಲವೂ ಇದರಲ್ಲಿ ಸೇರುತ್ತೆ. ವಿಮಾನ ಹತ್ತೋ ಮುಂಚೆ ಮಾತ್ರೆಯ ಹೊತ್ತನ್ನ ಹೊಸ ದೇಶದ ಗಡಿಯಾರಕ್ಕೆ ಹೇಗೆ ಹೊಂದಿಸೋದು ಅಂತ ಕೇಳಿಕೊಳ್ಳಿ, ಮಾತ್ರೆಯನ್ನ ಕೈಚೀಲದಲ್ಲೇ ಇಟ್ಟುಕೊಳ್ಳಿ. ಗಲ್ಫ್ ದೇಶಗಳಿಗೆ ಹೋಗೋರು ಫಿನೋಬಾರ್ಬಿಟಲ್, ಕ್ಲೋನಾಜೆಪಾಮ್‌ನಂಥ ಔಷಧಿ ಒಯ್ಯೋ ಮುಂಚೆ ಅಲ್ಲಿನ ಸರ್ಕಾರದ ನಿಯಮ ನೋಡಿ, ವೈದ್ಯರ ಚೀಟಿ ಜೊತೆಗಿರಲಿ.

ಎರಡು ಸರಿಯಾದ ಔಷಧಿಗಳನ್ನ ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ನಿಲ್ಲದಿದ್ದರೆ ಮೂರನೇದು, ನಾಲ್ಕನೇದು ಅಂತ ವರ್ಷ ಕಳೀಬೇಡಿ. ಶಸ್ತ್ರಚಿಕಿತ್ಸೆ ಆಗುತ್ತಾ ಅಂತ ಪರೀಕ್ಷಿಸೋ ದೊಡ್ಡ ಕೇಂದ್ರಕ್ಕೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಈ ಸೌಲಭ್ಯ ಇದೆ. ಕೆನಡಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕಪೋಲದ ಭಾಗದಲ್ಲಿ ಹುಟ್ಟೋ ಹಠಮಾರಿ ಫಿಟ್ಸ್‌ಗೆ ಶಸ್ತ್ರಚಿಕಿತ್ಸೆ ಪಡೆದ ಗುಂಪಿನಲ್ಲಿ ಒಂದು ವರ್ಷದ ನಂತರ ಶೇಕಡಾ 58ರಷ್ಟು ಜನ ಎಚ್ಚರ ತಪ್ಪಿಸೋ ಫಿಟ್ಸ್‌ನಿಂದ ಮುಕ್ತರಾಗಿದ್ದರು; ಔಷಧಿಯನ್ನಷ್ಟೇ ಮುಂದುವರಿಸಿದ ಗುಂಪಿನಲ್ಲಿ ಶೇಕಡಾ 8.

ಹೆಣ್ಣುಮಕ್ಕಳ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು. ವಾಲ್‌ಪ್ರೊಯೇಟ್ ಒಳ್ಳೇ ಔಷಧಿ, ಆದರೆ ಗರ್ಭಿಣಿಯಾಗಿದ್ದಾಗ ತಗೊಂಡರೆ ಹತ್ತರಲ್ಲಿ ಒಂದು ಮಗುವಿಗೆ ಹುಟ್ಟು ದೋಷ ಬರೋ ಸಂಭವ ಇದೆ, ಹತ್ತರಲ್ಲಿ ಮೂರು-ನಾಲ್ಕು ಮಕ್ಕಳ ಕಲಿಕೆ, ಬೆಳವಣಿಗೆಗೆ ತೊಂದರೆ ಆಗಬಹುದು. ಇನ್ನು ಕೆಲವು ಹಳೇ ಮಾತ್ರೆಗಳು ಗರ್ಭನಿರೋಧಕ ಗುಳಿಗೆಯ ಬಲವನ್ನ ಕುಗ್ಗಿಸ್ತವೆ. ಹಾಗಾಗಿ ಮಾತ್ರೆ ಬದಲಿಸೋದು, ಫೋಲಿಕ್ ಆಸಿಡ್ ಶುರು ಮಾಡೋದು ಎಲ್ಲ ಗರ್ಭಕ್ಕೆ ಮುಂಚೆಯೇ ಆಗಬೇಕು. ಗರ್ಭಿಣಿ ಅಂತ ಗೊತ್ತಾದ ದಿನ ಹೆದರಿ ತಾವೇ ಮಾತ್ರೆ ಬಿಡೋದು ಇನ್ನೂ ಅಪಾಯ. ಮಾತ್ರೆಯನ್ನ ಅತ್ತೆ ಮನೆಯವರಿಂದ ಬಚ್ಚಿಟ್ಟು ನುಂಗಬೇಕಾದ ಹೆಣ್ಣುಮಗಳು ಈ ಯಾವ ಮಾತನ್ನೂ ಬಿಚ್ಚಿ ಆಡೋಕೆ ಆಗೋದಿಲ್ಲ, ಒಂದಿನ ಆಸ್ಪತ್ರೆಗೆ ಹೋಗೋದೂ ತಪ್ಪುತ್ತೆ. ಮದುವೆಗೆ ಮುಂಚೆ ಹೇಳಿಬಿಡೋದು ಅವಳ ಜೀವ ಕಾಪಾಡೋ ವಿಷಯ. ಕಾನೂನೂ ಈಗ ಅವಳ ಕಡೆಗಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಪದೇ ಪದೇ ಬರೋ ಅಪಸ್ಮಾರ ಮದುವೆಗೆ ಅಡ್ಡಿ ಅನ್ನೋ ಮಾತು ಮೊದಲು ಇತ್ತು. 1999ರ ತಿದ್ದುಪಡಿಯಲ್ಲಿ ಅದನ್ನ ತೆಗೆದುಹಾಕಿದರು. ಎಪಿಲೆಪ್ಸಿ ಇರೋ ಬಹುಪಾಲು ತಾಯಂದಿರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ.

ದಿನನಿತ್ಯದ್ದು ಎರಡು ಮಾತು. ಬಚ್ಚಲಮನೆಗೆ ಒಳಗಿಂದ ಚಿಲಕ ಹಾಕಬೇಡಿ. ಹೊರದೇಶದ ಮನೆಗಳ ಬಾತ್‌ಟಬ್ ತುಂಬಿಸಿ ಒಬ್ಬರೇ ಮಲಗಬೇಡಿ, ಕೂತು ಸ್ನಾನ ಮಾಡಿ. ವಾಹನ ಓಡಿಸೋ ವಿಷಯದಲ್ಲಿ ಪ್ರತಿ ದೇಶಕ್ಕೂ ನಿಯಮ ಇದೆ. ಬ್ರಿಟನ್‌ನಲ್ಲಿ ಸಂಬಂಧಪಟ್ಟ ಕಚೇರಿಗೆ ತಿಳಿಸಲೇಬೇಕು, ಸಾಮಾನ್ಯವಾಗಿ 12 ತಿಂಗಳು ಫಿಟ್ಸ್ ಇಲ್ಲದೇ ಇದ್ದರೆ ಕಾರಿನ ಪರವಾನಗಿ ಮರಳಿ ಸಿಗುತ್ತೆ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಭಾರತದ ಲೈಸೆನ್ಸ್ ಅರ್ಜಿಯಲ್ಲೂ ಈ ಪ್ರಶ್ನೆ ಇದೆ. ಸುಳ್ಳು ಬರೆದರೆ ಅಪಾಯ ನಿಮಗೊಬ್ಬರಿಗೇ ಅಲ್ಲ, ರಸ್ತೆಯಲ್ಲಿರೋ ಎಲ್ಲರಿಗೂ.

ಈ ಸಂಚಿಕೆ ವೈದ್ಯರ ಸಲಹೆಗೆ ಬದಲಿ ಅಲ್ಲ, ಮಾತ್ರೆಯ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆಯದು. ನೀವು ಮಾಡಬಹುದಾದ್ದು ಒಂದಿದೆ. ಇವತ್ತು ಊರಿಗೆ ಫೋನ್ ಮಾಡಿದಾಗ ಮಗ್ಗುಲಿಗೆ ಮಲಗಿಸೋದು, ಬಾಯಿಗೆ ಏನೂ ಹಾಕದಿರೋದು, ಐದು ನಿಮಿಷದ ಲೆಕ್ಕ, ಈ ಮೂರನ್ನ ಮನೆಯವರಿಗೆ ಹೇಳಿಕೊಡಿ. ಹೇಳಿಕೊಡೋಕೆ ಐದು ನಿಮಿಷ ಕೂಡ ಬೇಡ. ಪ್ರಶ್ನೆಗಳಿದ್ದರೆ ನಮಗೆ ಬರೆಯಿರಿ.